ಫೋನಿಗೆ ಕನೆಕ್ಟ್ ಆಗುವ ಕಂಟ್ರೋಲರ್ ಮಗನ ಗಾಡಿಗೆ ಯಾಕೆ ಆಗುದಿಲ್ಲ?

ಪ್ರಶ್ನೆ: "ಸರ್ ನಮಸ್ಕಾರ, ನಾವು ಪೆರ್ಲದ ಹತ್ರ. ಮಗ ಒಂಬತ್ತನೇ ಕ್ಲಾಸು, ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿದ್ದಾನೆ, ವಿಜ್ಞಾನ ಮೇಳಕ್ಕೆ ಅಂತ ಅಡಿಕೆ ಹೊರುವ ಸಣ್ಣ ಗಾಡಿಯ ಮಾಡೆಲ್ ಮಾಡ್ತಾ ಇದ್ದಾನೆ. ಅದಕ್ಕೆ ಇಎಸ್‌ಪಿ32-ಸಿ3 ಅಂತ ಪ್ರೋಗ್ರಾಂ ಹಾಕಿ ಗಾಡಿ ಓಡಿಸುವ ಒಂದು ಬೋರ್ಡ್ ಆನ್‌ಲೈನಲ್ಲಿ ತರಿಸಿದ. ನನ್ನ ತಮ್ಮ ಗಲ್ಫಿಂದ ಬರುವಾಗ ತಂದ ವಿಡಿಯೋ ಗೇಮಿನ ಪಿಎಸ್4 ಕಂಟ್ರೋಲರ್ ಮನೆಯಲ್ಲಿ ಉಂಟು, ಅದು ತಮ್ಮನ ಫೋನಿಗೆ ಕೂಡ್ಲೆ ಕನೆಕ್ಟ್ ಆಗ್ತದೆ, ಬೋರ್ಡಿಗೆ ಮಾತ್ರ ಎರಡು ವಾರದಿಂದ ಆಗ್ತಾ ಇಲ್ಲ, ಹುಡುಗ ಊಟ ಬಿಟ್ಟು ಕೂತಿದ್ದಾನೆ. ಅಂಗಡಿಯವರು ಎಚ್‌ಸಿ-05 ಅಂತ ಸಣ್ಣ ಬ್ಲೂಟೂತ್ ಮಾಡ್ಯೂಲ್ ಹಾಕಿದ್ರೆ ಸಾಕು ಅಂತಾರೆ, ಇನ್ನೊಬ್ರು ಬ್ಲೂಟೂತ್ 5 ಇರುವ ಹೊಸ ಫೋನ್ ಬೇಕು ಅಂತಾರೆ. ನನ್ನದೂ ಒಂದು ಪ್ರಶ್ನೆ, ಕುಟುಂಬಶ್ರೀ ಮೀಟಿಂಗಿನ ವರದಿ ಬರೀಲಿಕ್ಕೆ ಅಂತ ಸಣ್ಣ ಬ್ಲೂಟೂತ್ ಕೀಬೋರ್ಡ್ ತಗೊಂಡೆ, ಕನೆಕ್ಟೆಡ್ ಅಂತ ತೋರಿಸ್ತದೆ ಆದ್ರೆ ಕನ್ನಡ ಬರುದಿಲ್ಲ, ಬರೀ ಇಂಗ್ಲಿಷ್. ಪಕ್ಕದ ಮನೆಯವ್ರು ಇಂಥದ್ದೆಲ್ಲ ಫೋನಿಗೆ ಕನೆಕ್ಟ್ ಮಾಡಿದ್ರೆ ಬ್ಯಾಂಕಿನ ದುಡ್ಡು ಹೋಗ್ತದೆ ಅಂತ ಹೆದರಿಸಿದ್ದಾರೆ. ನನ್ನ ಫೋನ್ 2019ರದ್ದು. ಎಂತ ಮಾಡುದು ಹೇಳಿ."

ಉತ್ತರ:

ಅಕ್ಕಾ, ಮೊದ್ಲು ಮಗನನ್ನು ಊಟಕ್ಕೆ ಕೂರಿಸಿ, ತಪ್ಪು ಅವನ ಕೋಡಿನದ್ದಲ್ಲ ಅಂತ ಹೇಳಿ. ಆ ಬೋರ್ಡಿಗೂ ಆ ಕಂಟ್ರೋಲರಿಗೂ ಕನೆಕ್ಷನ್ ಆಗ್ಲಿಕ್ಕೇ ಸಾಧ್ಯ ಇಲ್ಲ, ಎರಡು ವಾರ ಅಲ್ಲ ಎರಡು ವರ್ಷ ಕೂತ್ರೂ ಆಗುದಿಲ್ಲ. ಬೋರ್ಡ್ ಹಾಳಾಗಿಲ್ಲ, ಕಂಟ್ರೋಲರ್ ಹಾಳಾಗಿಲ್ಲ, ಎರಡರದ್ದೂ ಭಾಷೆ ಬೇರೆ ಅಷ್ಟೆ. ನಾನು ಬದಿಯಡ್ಕದಲ್ಲಿ ರಿಪೇರಿ ಕೆಲ್ಸ ಮಾಡ್ತಾ ಶನಿವಾರ ಮಕ್ಕಳಿಗೆ ಸ್ವಲ್ಪ ಎಲೆಕ್ಟ್ರಾನಿಕ್ಸ್ ಹೇಳಿಕೊಡ್ತೇನೆ, ಇದೇ ಜೋಡಿ ಹಿಡ್ಕೊಂಡು ಕಣ್ಣಲ್ಲಿ ನೀರು ತುಂಬಿಸಿಕೊಂಡು ಬಂದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ.

ಬ್ಲೂಟೂತ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುದು ನಿಜವಾಗಿ ಎರಡು. ಹಳೇದು ಕ್ಲಾಸಿಕ್, ಇನ್ನೊಂದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಲೋ ಎನರ್ಜಿ, ಬಿಎಲ್ಇ ಅಂತಾರೆ. ಎರಡೂ ಅದೇ 2.4 ಗಿಗಾಹರ್ಟ್ಸ್ ಗಾಳಿಯಲ್ಲೇ ಓಡಾಡುದು, ಆದ್ರೆ ಕ್ಲಾಸಿಕ್ ಆ ಜಾಗವನ್ನು 79 ಚಾನೆಲ್ ಮಾಡಿಕೊಳ್ತದೆ, ಬಿಎಲ್ಇ 40 ಮಾಡಿಕೊಳ್ತದೆ, ಒಂದು ಇನ್ನೊಂದನ್ನು ಹುಡುಕುವ ರೀತಿಯೇ ಬೇರೆ, ಒಬ್ರ ಕರೆ ಇನ್ನೊಬ್ರ ಕಿವಿಗೆ ಬೀಳುದೇ ಇಲ್ಲ. ಮತ್ತೆ ಫೋನಿಗೆ ಹೇಗೆ ಆಗ್ತದೆ ಅಂತ ಕೇಳ್ಬಹುದು. ಫೋನಿನಲ್ಲಿ ಎರಡೂ ಇರ್ತದೆ ಅಕ್ಕಾ, ನಮ್ಮ ಕಾಸರಗೋಡಿನವ್ರ ಹಾಗೆ, ಎದುರು ಬಂದವ್ರು ಮಲಯಾಳ ಮಾತಾಡಿದ್ರೆ ಮಲಯಾಳ, ತುಳು ಮಾತಾಡಿದ್ರೆ ತುಳು. ಹಾಗಾಗಿ ಫೋನಿಗೆ ಎಲ್ಲವೂ ಕನೆಕ್ಟ್ ಆಗ್ತದೆ, ಅದನ್ನು ನೋಡಿ ನಾವು ಬೋರ್ಡಿಗೂ ಆಗ್ಬೇಕು ಅಂತ ತಿಳ್ಕೊಳ್ತೇವೆ. ಪಿಎಸ್4 ಕಂಟ್ರೋಲರ್ ಕ್ಲಾಸಿಕ್ ಮಾತ್ರ. ಇಎಸ್‌ಪಿ32-ಸಿ3 ಬಿಎಲ್ಇ ಮಾತ್ರ. ಇದು ಸಾಫ್ಟ್‌ವೇರ್ ಹಾಕಿ ಸರಿ ಮಾಡುವ ವಿಷಯ ಅಲ್ಲ, ಚಿಪ್ಪಿನ ಒಳಗೆ ಆ ರೇಡಿಯೋನೇ ಇಲ್ಲ.

ಇಎಸ್‌ಪಿ32 ಅಂತ ಹೆಸರಿರುವ ಬೋರ್ಡ್‌ಗಳಲ್ಲೇ ಈ ಗೊಂದಲ ಉಂಟು, ಅದೇ ಮಕ್ಕಳನ್ನು ಬೀಳಿಸುದು. 2016ರಲ್ಲಿ ಬಂದ ಮೊದಲಿನ ಇಎಸ್‌ಪಿ32, ಹೆಸರಿನ ಹಿಂದೆ ಎಂತದ್ದೂ ಅಕ್ಷರ ಇಲ್ಲದ್ದು, ಅದರಲ್ಲಿ ಕ್ಲಾಸಿಕ್ಕೂ ಉಂಟು ಬಿಎಲ್ಇನೂ ಉಂಟು. ಆಮೇಲೆ ಬಂದ ಸಿ3, ಎಸ್3, ಸಿ6 ಇದೆಲ್ಲ ಬಿಎಲ್ಇ ಮಾತ್ರ. ಎಸ್2ದಲ್ಲಿ ಬ್ಲೂಟೂತೇ ಇಲ್ಲ, ವೈಫೈ ಮಾತ್ರ. ಹೊಸದು ಅಂದ್ರೆ ಹಳೇದಕ್ಕಿಂತ ಎಲ್ಲದ್ರಲ್ಲೂ ಮೇಲೆ ಅಂತ ನಾವು ತಿಳ್ಕೊಳ್ಳುದು ಸಹಜ, ಇಲ್ಲಿ ಹಾಗಲ್ಲ. ಬೋರ್ಡ್ ತಗೊಳ್ಳುವಾಗ ಮೇಲಿನ ಲೋಹದ ಮುಚ್ಚಳದಲ್ಲಿ ವ್ರೂಮ್ ಅಂತ ಉಂಟು ಅಂತ ನೋಡಿ ಖುಷಿಯಾಗ್ಬೇಡಿ, ವ್ರೂಮ್ ಆ ಡಬ್ಬಿಯ ಹೆಸರು ಮಾತ್ರ, ಅದರ ಹಿಂದೆ ಎಸ್3 ಅಂತಲೋ ಸಿ3 ಅಂತಲೋ ಉಂಟಾ ನೋಡ್ಬೇಕು.

ಇನ್ನು ಬ್ಲೂಟೂತ್ 5 ಇರುವ ಹೊಸ ಫೋನ್ ಬೇಕು ಅಂದದ್ದು. ಬೇಡ, ಪೊಕ್ಕಡೆ ದುಡ್ಡು. ನಿಮ್ಮ ಸಿ3 ಬೋರ್ಡ್ ಬ್ಲೂಟೂತ್ 5ರದ್ದೇ, ಮೊದಲಿನ ಇಎಸ್‌ಪಿ32 ಬರೀ 4.2, ಆದ್ರೂ ಈ ಕೆಲಸ ಆಗುದು 4.2ರಲ್ಲೇ. ನಂಬರ್ ನೋಡಿ ಅಲ್ಲ, ಯಾವ ನಮೂನೆ ಅಂತ ನೋಡಿ ತಗೊಳ್ಬೇಕು.

ಎಚ್‌ಸಿ-05 ವಿಷಯ. ಅಂಗಡಿಯವರು ಮೋಸ ಮಾಡ್ಲಿಕ್ಕೆ ಹೇಳಿದ್ದು ಅಂತ ನನಗೆ ಅನ್ನಿಸುದಿಲ್ಲ, ಎಚ್‌ಸಿ-05 ಕ್ಲಾಸಿಕ್ ಬ್ಲೂಟೂತೇ, ಹಾಗಾಗಿ ಕೇಳ್ಲಿಕ್ಕೆ ಸರಿ ಅನ್ನಿಸ್ತದೆ. ಆದ್ರೆ ಅದಕ್ಕೆ ಗೊತ್ತಿರುದು ಸೀರಿಯಲ್ ಪೋರ್ಟ್ ಅಂತ ಒಂದೇ ಕೆಲಸ, ಅಂದ್ರೆ ಫೋನಿನ ಒಂದು ಆ್ಯಪಿನಿಂದ ಅಕ್ಷರ ಕಳಿಸಿದ್ರೆ ಅದನ್ನು ವಯರಿನಲ್ಲಿ ಆಚೆ ಕಡೆ ಕೊಡುದು. ಕಂಟ್ರೋಲರ್, ಕೀಬೋರ್ಡ್, ಮೌಸ್ ಇದೆಲ್ಲ ಮಾತಾಡುದು ಎಚ್ಐಡಿ ಅಂತ ಬೇರೆ ಪ್ರೊಫೈಲಿನಲ್ಲಿ, ಪ್ರೊಫೈಲ್ ಅಂದ್ರೆ ಬ್ಲೂಟೂತಿನಲ್ಲಿ ಒಂದೊಂದು ಕೆಲಸಕ್ಕೆ ಇರುವ ಒಂದೊಂದು ಮಾತಿನ ಕ್ರಮ. ಎಚ್‌ಸಿ-05 ಅಂಗಡಿಯಿಂದ ಬರುವ ಹಾಗೇ ಇದ್ರೆ ಕಂಟ್ರೋಲರನ್ನು ಹಿಡ್ಕೊಳ್ಳುದಿಲ್ಲ. ಶಾಲೆಯ ಕಿಟ್ಟಿನಲ್ಲಿರುವ ಆರ್ಡುಯಿನೊ ಯೂನೊ ಬೋರ್ಡಿಗೆ ಫೋನಿನಿಂದ ಕಮಾಂಡ್ ಕೊಡ್ಬೇಕಾದ್ರೆ ಎಚ್‌ಸಿ-05 ಒಳ್ಳೇದು, ಅದೂ ಆಂಡ್ರಾಯ್ಡ್ ಫೋನಾದ್ರೆ. ಐಫೋನಿನಿಂದ ಅದೂ ಆಗುದಿಲ್ಲ.

ಹಾಗಾದ್ರೆ ದಾರಿ ಎಂತ. ನನ್ನನ್ನು ಕೇಳಿದ್ರೆ ಬೋರ್ಡ್ ಬದಲಿಸಿ, ಮೊದಲಿನ ಇಎಸ್‌ಪಿ32 ತಗೊಳ್ಳಿ, ಸಾಮಾನ್ಯ ಐನೂರು ರೂಪಾಯಿ ಆಚೆ ಈಚೆ ಆಗ್ತದೆ, ಸಿ3ಯನ್ನು ಎಸೀಬೇಡಿ, ಮುಂದೆ ಬೇರೆ ಪ್ರಾಜೆಕ್ಟಿಗೆ ಬೇಕಾಗ್ತದೆ. ಬೋರ್ಡಿಗೆ ಕೋಡ್ ಬರೆದು ಹಾಕುವ ಆರ್ಡುಯಿನೊ ಐಡಿಇ ಸಾಫ್ಟ್‌ವೇರಿನಲ್ಲಿ ಬ್ಲೂಪ್ಯಾಡ್32 ಅಂತ ಲೈಬ್ರರಿ ಉಂಟು, ಅದು ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದರ ಬಟನ್ನೂ ಒಂದೇ ರೀತಿ ಓದಿ ಕೊಡ್ತದೆ, ಅದರ ಜೊತೆ ಬರುವ ಕಂಟ್ರೋಲರ್ ಉದಾಹರಣೆಯನ್ನು ಮೊದ್ಲು ಹಾಗೇ ಹಾಕಿ ಸೀರಿಯಲ್ ಮಾನಿಟರಿನಲ್ಲಿ, ಅಂದ್ರೆ ಬೋರ್ಡ್ ಕಳಿಸುವ ಮಾತು ಕಂಪ್ಯೂಟರಿನಲ್ಲಿ ಕಾಣುವ ಕಿಟಕಿಯಲ್ಲಿ, ಬಟನ್ ಬರ್ತದಾ ನೋಡ್ಲಿ, ಮೋಟಾರಿನ ಕೋಡ್ ಆಮೇಲೆ. ಒಂದು ಎಚ್ಚರ, ಸಿ3ಯಲ್ಲಿ ಬಳಸಿದ ಪಿನ್ ನಂಬರನ್ನು ಹಾಗೇ ತಂದು ಇಲ್ಲಿ ಹಾಕ್ಬಾರದು. ಮೊದಲಿನ ಇಎಸ್‌ಪಿ32ರಲ್ಲಿ 6ರಿಂದ 11ರ ವರೆಗಿನ ಪಿನ್ ಒಳಗಿನ ಫ್ಲ್ಯಾಶ್ ಮೆಮೊರಿಗೆ ಹೋಗ್ತದೆ, ಅದಕ್ಕೆ ಮೋಟಾರ್ ಡ್ರೈವರ್ ಕೊಟ್ರೆ ಬೋರ್ಡ್ ಏಳುದೇ ಇಲ್ಲ, ಆಮೇಲೆ 34ರಿಂದ 39 ಇನ್‌ಪುಟ್‌ಗೆ ಮಾತ್ರ. ಸಿ3ಯಲ್ಲಿ 6, 7 ಬಳಸುದು ಮಾಮೂಲಿ, ಹಾಗಾಗಿ ಇದೊಂದನ್ನು ನೋಡದೆ ಹೊಸ ಬೋರ್ಡೂ ಹಾಳು ಅಂತ ತಿಳ್ಕೊಂಡವ್ರು ಇದ್ದಾರೆ.

ಬೋರ್ಡ್ ಅದೇ ಇರ್ಲಿ ಕಂಟ್ರೋಲರ್ ಬದಲಿಸ್ತೇವೆ ಅಂತಾದ್ರೆ ಬಿಎಲ್ಇ ಇರುವ ಕಂಟ್ರೋಲರ್ ಬೇಕು, 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಜೊತೆ ಬಂದದ್ದು ಹಾಗೆ. ಆದ್ರೆ ಅದಕ್ಕೆ ಸಾವಿರಗಟ್ಲೆ ಕೊಡ್ಬೇಕು, ಐನೂರರ ಬೋರ್ಡಿನಲ್ಲಿ ಮುಗಿಯುವ ಕೆಲಸಕ್ಕೆ ನಾನಾದ್ರೆ ಕೊಡುದಿಲ್ಲ. ಅದರಲ್ಲೂ ಹಳೇ ಎಕ್ಸ್‌ಬಾಕ್ಸ್ ವನ್ ಕಂಟ್ರೋಲರ್ ಸೆಕೆಂಡ್ ಹ್ಯಾಂಡ್ ಸಿಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಜಾಗ್ರತೆ, ಮೊದಮೊದಲಿನವುಗಳಲ್ಲಿ ಬ್ಲೂಟೂತೇ ಇಲ್ಲ, ಅವರದ್ದೇ ಬೇರೆ ವಯರ್‌ಲೆಸ್. ದುಡ್ಡೇ ಹಾಕ್ಲಿಕ್ಕಿಲ್ಲ ಅಂತಾದ್ರೆ ಸಿ3ಯ ವೈಫೈಯನ್ನು ಆನ್ ಮಾಡಿ, ಫೋನಿನ ಬ್ರೌಸರಿನಲ್ಲಿ ನಾಲ್ಕು ಬಟನ್ ಇರುವ ಒಂದು ಪೇಜ್ ಮಾಡಿ ಗಾಡಿ ಓಡಿಸ್ಬಹುದು. ಕೆಲಸ ಆಗ್ತದೆ, ಆದ್ರೆ ಗಾಜಿನ ಮೇಲೆ ಬೆರಳಿಟ್ಟು ಗಾಡಿ ತಿರುಗಿಸುದಕ್ಕೂ ಸ್ಟಿಕ್ ಹಿಡಿದು ತಿರುಗಿಸುದಕ್ಕೂ ವ್ಯತ್ಯಾಸ ಉಂಟು, ಮೇಳದಲ್ಲಿ ಜಡ್ಜ್ ಎದುರು ಆ ವ್ಯತ್ಯಾಸ ಕಾಣ್ತದೆ.

ಇನ್ನು ಮುಂದೆ ಯಾವುದೇ ಕಂಟ್ರೋಲರೋ ಕೀಬೋರ್ಡೋ ಕೈಗೆ ಬಂದ್ರೆ ಅದು ಯಾವ ನಮೂನೆ ಅಂತ ತಿಳೀಲಿಕ್ಕೆ ಒಂದು ಸುಲಭ ದಾರಿ ಹೇಳ್ತೇನೆ. ಎನ್ಆರ್‌ಎಫ್ ಕನೆಕ್ಟ್ ಅಂತ ಫ್ರೀ ಆ್ಯಪ್ ಪ್ಲೇಸ್ಟೋರಿನಲ್ಲಿ ಸಿಗ್ತದೆ, ಅದರ ಸ್ಕ್ಯಾನ್ ಬಿಎಲ್ಇ ಸಾಮಾನನ್ನು ಮಾತ್ರ ತೋರಿಸ್ತದೆ. ಕಂಟ್ರೋಲರನ್ನು ಪೇರಿಂಗ್ ಮೋಡಿಗೆ ಹಾಕಿ ಫೋನಿನ ಮಾಮೂಲಿ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಕಾಣ್ತದೆ, ಈ ಆ್ಯಪಿನಲ್ಲಿ ಕಾಣುದಿಲ್ಲ ಅಂತಾದ್ರೆ ಅದು ಕ್ಲಾಸಿಕ್. ತಗೊಳ್ಳುವ ಮೊದ್ಲು ಅಂಗಡಿಯಲ್ಲೇ ನೋಡ್ಬಹುದು, ಎರಡು ನಿಮಿಷ ಸಾಕು.

ಬೋರ್ಡ್ ಬದಲಿಸಿದ ಮೇಲೂ ಒಂದು ರಗಳೆ ಬರ್ತದೆ, ಈಗಲೇ ಹೇಳಿಬಿಡ್ತೇನೆ. ಪಿಎಸ್4 ಕಂಟ್ರೋಲರ್ ಕೊನೆಗೆ ಪೇರ್ ಆದ ಒಬ್ಬ ಯಜಮಾನನನ್ನು ಮಾತ್ರ ನೆನಪಿಟ್ಟುಕೊಳ್ತದೆ. ನಡುವಿನ ಪಿಎಸ್ ಬಟನ್ ಬರೀ ಒತ್ತಿದ್ರೆ ಅದು ಹೊಸಬರನ್ನು ಹುಡುಕುದಲ್ಲ, ಸಂಜೆ ದನ ಹಟ್ಟಿಗೆ ಹೋದ ಹಾಗೆ ಸೀದಾ ತಮ್ಮನ ಫೋನಿಗೇ ಹೋಗ್ತದೆ, ಅವ್ರು ಮೇಲಿನ ಕೋಣೆಯಲ್ಲಿ ಮಲಗಿದ್ರೂ ಸರಿ. ಹಾಗಾಗಿ ಮೊದ್ಲು ತಮ್ಮನ ಫೋನಿನಲ್ಲಿ ಆ ಹೆಸರನ್ನು ಒತ್ತಿ ಫರ್ಗೆಟ್ ಕೊಡಿ, ಬ್ಲೂಟೂತ್ ಆಫ್ ಮಾಡಿ, ಆಮೇಲೆ ಕಂಟ್ರೋಲರಿನ ಶೇರ್ ಬಟನ್ನೂ ಪಿಎಸ್ ಬಟನ್ನೂ ಒಟ್ಟಿಗೆ ಒತ್ತಿ ಹಿಡೀರಿ, ಲೈಟು ಬೇಗ ಬೇಗ ಮಿನುಗ್ಲಿಕ್ಕೆ ಶುರುವಾದ್ರೆ ಈಗ ಅದು ಹೊಸಬರಿಗೆ ಸಿದ್ಧ. ಲೈಟು ನಿಧಾನ ಮಿನುಗಿ ಆರಿಹೋದ್ರೆ ಅದು ಹಳೆಯವರನ್ನೇ ಹುಡುಕಿ ಸುಸ್ತಾದದ್ದು. ಏನೂ ಮಾಡಿದ್ರೂ ಆಗದಿದ್ರೆ ಹಿಂಬದಿ ಎಲ್2 ಬಟನ್ ಹತ್ರ ಸೂಜಿ ಹೋಗುವಷ್ಟು ಸಣ್ಣ ತೂತು ಉಂಟು, ಒಳಗೆ ರೀಸೆಟ್ ಬಟನ್, ಐದಾರು ಸೆಕೆಂಡ್ ಒತ್ತಿ. ಪೇರ್ ಮಾಡುವಾಗ ಎರಡೂ ಕಡೆ ಒಂದೊಂದು ಕೀಲಿ ಬರೆದಿಟ್ಟುಕೊಳ್ತವೆ, ಒಂದು ಕಡೆ ಮಾತ್ರ ಅಳಿಸಿದ್ರೆ ಇನ್ನೊಂದು ಕಡೆ ಹಳೇ ಕೀಲಿ ಹಿಡ್ಕೊಂಡು ಬಾಗಿಲು ಬಡೀತಾ ಇರ್ತದೆ, ಬಾಗಿಲು ತೆಗೆಯುದಿಲ್ಲ. ಬೋರ್ಡಿನ ಕಡೆಯೂ ಅಳಿಸ್ಲಿಕ್ಕೆ ಬ್ಲೂಪ್ಯಾಡ್32ರ ಆ ಉದಾಹರಣೆಯಲ್ಲೇ ಒಂದು ಸಾಲು ಉಂಟು, ಕೀಲಿ ಮರೆತುಬಿಡು ಅಂತ ಹೇಳುವಂಥದ್ದು.

ಆಮೇಲೆ ಮೋಟಾರ್ ಜೋಡಿಸಿದ ದಿನ ಮಗ ಬಂದು ಹೇಳ್ತಾನೆ, ಅಮ್ಮಾ ಗಾಡಿ ಹೊರಡುವಾಗ ಬ್ಲೂಟೂತ್ ಕಟ್ ಆಗ್ತದೆ ಅಂತ. ನೂರಕ್ಕೆ ನೂರು ಬ್ಲೂಟೂತಿನ ತಪ್ಪು ಅಂತ ಎಲ್ರೂ ಹೇಳ್ತಾರೆ. ನನ್ನ ಮೇಜಿಗೆ ಬಂದ ಗಾಡಿಗಳಲ್ಲಿ ಹೆಚ್ಚಿನದ್ದರಲ್ಲಿ ಅದು ಕರೆಂಟಿನ ತಪ್ಪು. ನಿಂತ ಮೋಟಾರ್ ತಿರುಗ್ಲಿಕ್ಕೆ ಶುರುವಾಗುವ ಆ ಒಂದು ಕ್ಷಣ ಬ್ಯಾಟರಿಯಿಂದ ತುಂಬಾ ಎಳೀತದೆ, ಅದೇ ಬ್ಯಾಟರಿಯಿಂದ ಬೋರ್ಡಿಗೂ ಕೊಟ್ಟಿದ್ರೆ ವೋಲ್ಟೇಜ್ ಕುಸೀತದೆ, ಬೋರ್ಡ್ ಆಫ್ ಆಗಿ ಆನ್ ಆಗ್ತದೆ, ಕನೆಕ್ಷನ್ ಹೋಗದೆ ಇನ್ನೆಂತ. ನಮ್ಮಲ್ಲಿ ರಾತ್ರಿ ಪಂಪ್ ಹಾಕುವಾಗ ಮನೆಯ ಲೈಟ್ ಮಂಕಾಗುದಿಲ್ವಾ, ಅದೇ. ಸೀರಿಯಲ್ ಮಾನಿಟರಿನಲ್ಲಿ ಬ್ರೌನ್‌ಔಟ್ ಅಂತ ಬಂದ್ರೆ ಇದೇ ಕಾರಣ ಅಂತ ಖಚಿತ. ಮೋಟಾರಿಗೆ ಬೇರೆ ಬ್ಯಾಟರಿ, ಬೋರ್ಡಿಗೆ ಬೇರೆ, ಆದ್ರೆ ಎರಡರ ನೆಗೆಟಿವ್ ಒಟ್ಟು ಸೇರಿಸ್ಲೇಬೇಕು. 18650 ಅನ್ನುವ ಲಿಥಿಯಂ ಸೆಲ್ ಹಾಕುದಾದ್ರೆ ಪ್ರೊಟೆಕ್ಷನ್ ಬೋರ್ಡ್ ಇರುವಂಥದ್ದೇ ಹಾಕಿ, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಮಕ್ಕಳ ಕೈಗೆ ಕೊಡ್ಬೇಡಿ, ಶಾರ್ಟ್ ಆದ್ರೆ ಬೆಂಕಿ, ಇದರಲ್ಲಿ ನಾನು ರಾಜಿ ಮಾಡುದಿಲ್ಲ.

ಈಗ ನಿಮ್ಮ ಕೀಬೋರ್ಡ್. ಕನೆಕ್ಟೆಡ್ ಅಂತ ಬಂದು ಇಂಗ್ಲಿಷ್ ಬರ್ತದೆ ಅಂದ್ರೆ ಕೀಬೋರ್ಡ್ ಸರಿಯೇ ಉಂಟು. ಕೀಬೋರ್ಡ್ ಅಕ್ಷರ ಕಳಿಸುದು ಅಂತ ನಾವು ತಿಳ್ಕೊಂಡದ್ದು, ನಿಜಕ್ಕೂ ಅದು ಕಳಿಸುದು ಒಂದು ನಂಬರ್. ಎ ಅಂತ ಬರೆದ ಕೀ ಒತ್ತಿದ್ರೆ 4 ಅಂತ ಹೋಗ್ತದೆ, ಬಿ ಒತ್ತಿದ್ರೆ 5. ಆ ನಂಬರಿಗೆ ಎಂತ ಅಕ್ಷರ ಬರೀಬೇಕು ಅಂತ ತೀರ್ಮಾನ ಮಾಡುದು ಫೋನು. ಹಾಗಾಗಿ ಕನ್ನಡ ಸ್ಟಿಕ್ಕರ್ ಅಂಟಿಸಿದ ಕೀಬೋರ್ಡ್ ಹೆಚ್ಚು ದುಡ್ಡು ಕೊಟ್ಟು ತಂದ್ರೂ ಫೋನಿಗೆ ಗೊತ್ತಿಲ್ಲದಿದ್ರೆ ಕನ್ನಡ ಬರುದಿಲ್ಲ. ಸೆಟ್ಟಿಂಗಿನಲ್ಲಿ ಭಾಷೆ ಮತ್ತು ಕೀಬೋರ್ಡ್ ಅಂತ ಇರುವಲ್ಲಿ ಫಿಸಿಕಲ್ ಕೀಬೋರ್ಡ್ ಅಂತ ಉಂಟು, ಕೀಬೋರ್ಡ್ ಕನೆಕ್ಟ್ ಆಗಿರುವಾಗ ನೋಡಿ, ಲೇಔಟ್ ಪಟ್ಟಿಯಲ್ಲಿ ಕನ್ನಡ ಇದ್ರೆ ಆರಿಸಿ, ಸುಮಾರು ಫೋನುಗಳಲ್ಲಿ ಇರುದಿಲ್ಲ. ಪರದೆ ಮೇಲೆ ನೀವು ಬೆರಳಿಂದ ಮಾಡುವ ಕನ್ನಡ ಆ್ಯಪ್ ಹೊರಗಿನ ಕೀಬೋರ್ಡಿನ ನಂಬರನ್ನು ಕನ್ನಡ ಮಾಡಿಯೇ ಕೊಡ್ತದೆ ಅಂತ ಇಲ್ಲ, ಕೆಲವು ಮಾಡ್ತವೆ ಕೆಲವು ಸುಮ್ಮನೆ ಇಂಗ್ಲಿಷನ್ನು ಬಿಟ್ಟುಬಿಡ್ತವೆ, ಹಾಕಿ ನೋಡಿಯೇ ತಿಳೀಬೇಕು.

ವರದಿ ದೊಡ್ಡದಿರ್ತದೆ, ಆರಾಮಾಗಿ ಬರೀಬೇಕು ಅಂತಾದ್ರೆ ಅದೇ ಕೀಬೋರ್ಡನ್ನು ಮನೆಯಲ್ಲಿ ಕಂಪ್ಯೂಟರ್ ಇದ್ರೆ ಅದಕ್ಕೆ ಹಾಕಿ. ವಿಂಡೋಸ್ 10ರಲ್ಲಿ 2019ರ ಅಪ್‌ಡೇಟಿನಿಂದ ಕನ್ನಡ ಫೋನೆಟಿಕ್ ಅಂತ ಒಳಗೇ ಉಂಟು. ಲಿನಕ್ಸಿನಲ್ಲಿ ಕಗಪ ಲೇಔಟ್ ಸೆಟ್ಟಿಂಗಿನಲ್ಲೇ ಸಿಗ್ತದೆ, ರಾಸ್‌ಬೆರಿ ಪೈಯಲ್ಲೂ ಹಾಕ್ಲಿಕ್ಕಾಗ್ತದೆ. ಕಗಪ ಅಂದ್ರೆ ಕೆ.ಪಿ. ರಾವ್ ಅವ್ರು ಮಾಡಿದ್ದು, ಮಂಗಳೂರಿನ ಹತ್ರದ ಕಿನ್ನಿಕಂಬಳದವ್ರು, ಕ ಬೇಕಾದ್ರೆ ಕೆ, ಮ ಬೇಕಾದ್ರೆ ಎಮ್, ಅಷ್ಟು ಸಲೀಸು, ಒಂದು ವಾರ ಕೈಯಾಡಿಸಿದ್ರೆ ನೋಡದೆ ಟೈಪ್ ಮಾಡ್ತೀರಿ. ಇನ್ನೊಂದು, ಕೀಬೋರ್ಡ್ ಹೊಸದಾಗಿ ಪೇರ್ ಮಾಡುವಾಗ ಪರದೆ ಮೇಲೆ ಆರು ಅಂಕೆ ಬಂದ್ರೆ ಅದನ್ನು ಪರದೆಯಲ್ಲಿ ಒತ್ತುದಲ್ಲ, ಆ ಕೀಬೋರ್ಡಿನಲ್ಲೇ ಟೈಪ್ ಮಾಡಿ ಎಂಟರ್ ಕೊಡ್ಬೇಕು, ಇದು ಗೊತ್ತಿಲ್ಲದೆ ಕೀಬೋರ್ಡ್ ವಾಪಸ್ ಕೊಟ್ಟವ್ರಿದ್ದಾರೆ.

ಬ್ಯಾಂಕಿನ ದುಡ್ಡಿನ ಹೆದರಿಕೆ. ಅದರಲ್ಲಿ ಪೂರ್ತಿ ಸುಳ್ಳೂ ಇಲ್ಲ, ಹಾಗಾಗಿ ಬಿಡಿಸಿ ಹೇಳ್ತೇನೆ. ಕಂಟ್ರೋಲರೋ ಕೀಬೋರ್ಡೋ ಪೇರ್ ಆದ ಮಾತ್ರಕ್ಕೆ ನಿಮ್ಮ ಮೆಸೇಜ್ ಓದುದಿಲ್ಲ, ಫೋಟೋ ನೋಡುದಿಲ್ಲ, ಆ ಪ್ರೊಫೈಲಿನಲ್ಲಿ ಅದಕ್ಕೆ ಇರುವ ಹಕ್ಕು ಬಟನ್ ಒತ್ತುದು ಮಾತ್ರ. ಆದ್ರೆ ಒತ್ತುವ ಹಕ್ಕೇ ಸಣ್ಣದಲ್ಲ, ಕೀಬೋರ್ಡ್ ಅಂತ ಒಳಗೆ ಬಂದದ್ದು ನಿಮ್ಮ ಬೆರಳು ಮಾಡುವ ಕೆಲಸ ಎಲ್ಲ ಮಾಡ್ಬಹುದು. 2023ರ ಡಿಸೆಂಬರಿನಲ್ಲಿ ಒಂದು ದೋಷ ಹೊರಗೆ ಬಂತು, ಆಂಡ್ರಾಯ್ಡಿನಲ್ಲಿ ಬ್ಲೂಟೂತ್ ಆನ್ ಇದ್ರೆ ಸಾಕು, ಹತ್ತಿರ ಇರುವ ಒಬ್ಬ ನಿಮ್ಮನ್ನು ಕೇಳದೆಯೇ ತನ್ನನ್ನು ಕೀಬೋರ್ಡ್ ಅಂತ ಸೇರಿಸಿಕೊಂಡು ಟೈಪ್ ಮಾಡ್ಬಹುದಿತ್ತು. ಆಂಡ್ರಾಯ್ಡ್ 11ರಿಂದ 14ರ ವರೆಗೆ ಅದೇ ತಿಂಗಳ ಸೆಕ್ಯುರಿಟಿ ಪ್ಯಾಚಿನಲ್ಲಿ ಸರಿ ಮಾಡಿದ್ರು, 10 ಮತ್ತು ಅದಕ್ಕಿಂತ ಹಳೇದಕ್ಕೆ ಸರಿ ಮಾಡ್ಲಿಲ್ಲ. ನಿಮ್ಮ ಫೋನ್ 2019ರದ್ದು ಅಂದ್ರಿ, ಅಬೌಟ್ ಫೋನಿನಲ್ಲಿ ಆಂಡ್ರಾಯ್ಡ್ ಎಷ್ಟು, ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳದ್ದು ನೋಡಿ. 10 ಅಥವಾ ಕೆಳಗೆ ಇದ್ರೆ ಬರೆಯುವಾಗ ಮಾತ್ರ ಬ್ಲೂಟೂತ್ ಆನ್ ಮಾಡಿ, ಮುಗಿದ ಕೂಡ್ಲೆ ಆಫ್, ಬಸ್ಸಿನಲ್ಲಿ ಜಾತ್ರೆಯಲ್ಲಿ ಆನ್ ಇಟ್ಟುಕೊಂಡು ಓಡಾಡ್ಬೇಡಿ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆ ಉಂಟು, ನಾನು ನಿಜವಾಗಿ ಹೆದರುದು ಅದಕ್ಕೆ. ಕಡಿಮೆ ರೇಟಿನ ಕಂಟ್ರೋಲರಿನ ಡಬ್ಬಿಯಲ್ಲಿ ಒಂದು ಕ್ಯೂಆರ್ ಕೋಡ್ ಇರ್ತದೆ, ಸ್ಕ್ಯಾನ್ ಮಾಡಿ ಆ್ಯಪ್ ಹಾಕಿ ಅಂತ. ಅದು ಪ್ಲೇಸ್ಟೋರಿಗೆ ಹೋಗುದಿಲ್ಲ, ಎಲ್ಲಿಂದಲೋ ಒಂದು ಎಪಿಕೆ ಫೈಲ್ ಇಳಿಸ್ತದೆ, ಆಮೇಲೆ ಆಕ್ಸೆಸಿಬಿಲಿಟಿ ಪರ್ಮಿಶನ್ ಕೊಡಿ ಅಂತ ಕೇಳ್ತದೆ. ಆ ಪರ್ಮಿಶನ್ ಕೊಟ್ರೆ ಪರದೆ ಮೇಲಿರುದನ್ನು ಅದು ಓದಬಹುದು, ನಿಮ್ಮ ಬದಲಿಗೆ ಒತ್ತಬಹುದು. ಯುಪಿಐ ಇರುವ ಫೋನಿನಲ್ಲಿ ಅದನ್ನು ಖಂಡಿತ ಹಾಕ್ಬೇಡಿ. ಕಂಟ್ರೋಲರ್ ಓಡ್ಲಿಕ್ಕೆ ಆ ಆ್ಯಪ್ ಬೇಕಾಗಿಯೂ ಇಲ್ಲ, ಆಂಡ್ರಾಯ್ಡಿಗೆ ಕಂಟ್ರೋಲರ್ ಅಂದ್ರೆ ಎಂತ ಅಂತ ಗೊತ್ತುಂಟು, ಮೈನ್‌ಕ್ರಾಫ್ಟಿನ ಹಾಗೆ ಕಂಟ್ರೋಲರಿಗೆ ಅಂತಲೇ ಮಾಡಿದ ಗೇಮಾದ್ರೆ ಸೀದಾ ಆಡ್ಬಹುದು. ಗೇಮ್ ಕೇಳದಿದ್ರೆ ಅದು ಗೇಮಿನ ವಿಷಯ, ಮ್ಯಾಪಿಂಗ್ ಆ್ಯಪ್ ಹಾಕಿ ಒತ್ತಾಯ ಮಾಡಿದ್ರೆ ಆನ್‌ಲೈನ್ ಗೇಮಿನಲ್ಲಿ ಅಕೌಂಟ್ ಬ್ಲಾಕ್ ಆಗುದೂ ಉಂಟು.

ಚಾರ್ಜಿಂಗ್ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೂ ಒಂದು ಮಾತು, ಸಣ್ಣ ಕೀಬೋರ್ಡ್‌ಗಳಲ್ಲಿ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದ್ರೆ ಚಾರ್ಜೇ ಆಗುದಿಲ್ಲ ಅಂತ ಕಂಪ್ಲೇಂಟ್ ತುಂಬಾ ಬರ್ತದೆ. ಒಳಗೆ ಹಾಕ್ಬೇಕಾದ ಎರಡು ಸಣ್ಣ ರೆಸಿಸ್ಟರ್ ಹಾಕದೆ ಉಳಿಸಿರ್ತಾರೆ, ಅದಿಲ್ಲದೆ ಚಾರ್ಜರ್ ಕರೆಂಟ್ ಬಿಡುದಿಲ್ಲ. ಹಳೇ ಅಗಲ ಯುಎಸ್‌ಬಿಯಿಂದ ಟೈಪ್-ಸಿಗೆ ಬರುವ ಕೇಬಲ್ ಹಾಕಿ, ಆಗ್ತದೆ.

ಕೊನೆಗೆ ಮಗನ ಗಾಡಿಯ ಒಂದು ವಿಷಯ ಬಾಕಿ ಉಂಟು, ಇದನ್ನು ಅವನಿಗೇ ಓದಿಸಿ. ನಮ್ಮ ಕ್ಲಾಸಿನ ಒಂದು ಗಾಡಿ ತೋಟದಲ್ಲಿ ಓಡಿಸ್ತಾ ಇರುವಾಗ ಕಂಟ್ರೋಲರ್ ಹಿಡಿದ ಹುಡುಗ ಮುರಕಲ್ಲಿನ ಶೆಡ್ಡಿನ ಹಿಂದೆ ಹೋದ, ಮಳೆಗೆ ನೆಂದ ದಪ್ಪ ಗೋಡೆ, ಸಿಗ್ನಲ್ ಹೋಯ್ತು, ಗಾಡಿ ಮಾತ್ರ ನಿಲ್ಲಲಿಲ್ಲ, ಕೊನೆಗೆ ಸಿಕ್ಕಿದ್ದ ಮುಂದೆ ಹೋಗು ಅನ್ನುವ ಕಮಾಂಡನ್ನೇ ಹಿಡ್ಕೊಂಡು ಸೀದಾ ಹೋಗಿ ಕಣಿಗೆ ಬಿತ್ತು. ಕಾರಣ ಎಂತ ಅಂದ್ರೆ ಸಿಗ್ನಲ್ ಹೋದ ಕೂಡ್ಲೆ ಬ್ಲೂಟೂತ್ ಕನೆಕ್ಷನ್ ಕಟ್ ಆಯ್ತು ಅಂತ ಹೇಳುದಿಲ್ಲ, ಬರ್ತದೋ ಅಂತ ಕಾಯ್ತದೆ, ಕ್ಲಾಸಿಕ್ ಬ್ಲೂಟೂತಿನಲ್ಲಿ ಬದಲಿಸದೆ ಬಿಟ್ರೆ ಆ ಕಾಯುವ ಸಮಯ 20 ಸೆಕೆಂಡ್. ಅಷ್ಟರಲ್ಲಿ ಗಾಡಿ ಎಲ್ಲಿಗೂ ಹೋಗ್ಬಹುದು, ಮೇಳದ ಹಾಲಿನಲ್ಲಿ ಸಣ್ಣ ಮಕ್ಕಳ ಕಾಲಿಗೂ ಹೋಗ್ಬಹುದು. ಪಿಎಸ್4 ಕಂಟ್ರೋಲರ್ ಸ್ಟಿಕ್ ಅಲ್ಲಾಡದಿದ್ರೂ ಡೇಟಾ ಕಳಿಸ್ತಾನೇ ಇರ್ತದೆ, ಹಾಗಾಗಿ ಅರ್ಧ ಸೆಕೆಂಡ್ ಹೊಸ ಡೇಟಾ ಬರದಿದ್ರೆ ಮೋಟಾರ್ ನಿಲ್ಲಿಸು ಅಂತ ಕೋಡಿನಲ್ಲಿ ಬರೀಲಿ. ತನ್ನ ಕಂಟ್ರೋಲರ್ ಸೇರಿದ ಮೇಲೆ ಹೊಸ ಕನೆಕ್ಷನ್ ಬೇಡ ಅನ್ನುವ ಸಾಲನ್ನೂ ಸೇರಿಸ್ಲಿ, ಇಲ್ಲದಿದ್ರೆ ಪಕ್ಕದ ಟೇಬಲಿನವರ ಕಂಟ್ರೋಲರ್ ಬಂದು ಇವನ ಗಾಡಿ ಹಿಡ್ಕೊಳ್ತದೆ.

ಮೇಳಕ್ಕೆ ಹೋಗುವ ಮೊದ್ಲು ಗಾಡಿಯನ್ನು ಕಲ್ಲಿನ ಮೇಲೆ ಇಟ್ಟು ಚಕ್ರ ನೆಲಕ್ಕೆ ತಾಗದ ಹಾಗೆ ಮಾಡಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಕಂಟ್ರೋಲರನ್ನು ಹಿಡ್ಕೊಂಡು ನೀವು ಮನೆಯ ಹಿಂದೆ ದೂರಕ್ಕೆ ನಡ್ಕೊಂಡು ಹೋಗಿ, ಮಗ ಅಂಗಳದಲ್ಲಿ ಕೂತು ಚಕ್ರ ನೋಡ್ಲಿ. ಸಿಗ್ನಲ್ ಹೋದಾಗ ಚಕ್ರ ತಟ್ಟಂತ ನಿಂತ್ರೆ ನೆಲಕ್ಕಿಳಿಸಿ, ತಿರುಗ್ತಾನೇ ಇದ್ರೆ ಇಳಿಸ್ಬೇಡಿ, ಕೋಡ್ ಸಮೇತ ಶನಿವಾರ ನನ್ನ ಹತ್ರ ಕಳಿಸಿ.